ವಿಡಿಯೋ ಗೇಮ್ ವಿಮರ್ಶೆ: ಯಾರ ಮಾತನ್ನು ನಂಬಬೇಕು?

ಪ್ರಶ್ನೆ: ಮಗ ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಾನೆ. ಹೊಸ ಗೇಮ್ ಬಂದಾಗಲೆಲ್ಲ ದುಡ್ಡು ಕೇಳುತ್ತಾನೆ. ಕೊಡುವ ಮೊದಲು ನಾನೂ ಒಂದಷ್ಟು ವಿಮರ್ಶೆ ಓದಿ ನೋಡುತ್ತೇನೆ. 'ಮಾನ್‌ಸ್ಟರ್ ಹಂಟರ್ ವೈಲ್ಡ್ಸ್' ಅನ್ನು ವಿಮರ್ಶಕರು ಹೊಗಳಿದ್ದಾರೆ, ದುಡ್ಡು ಕೊಟ್ಟು ಕೊಂಡವರು ಬೈದಿದ್ದಾರೆ. 'ಸಿಲ್ಕ್‌ಸಾಂಗ್' ಕಷ್ಟವಾಗಿದೆ ಎಂದು ಒಬ್ಬರು ಮೆಚ್ಚಿದರೆ, ಕಷ್ಟವಾಗಿದೆ ಎಂದೇ ಇನ್ನೊಬ್ಬರು ಜರೆಯುತ್ತಾರೆ. ಮಾಟುಂಗಾದಲ್ಲಿ ಕನ್ನಡ ನಾಟಕ ನೋಡುತ್ತ, ಅವುಗಳ ವಿಮರ್ಶೆ ಓದುತ್ತ ಬೆಳೆದ ನನಗೆ ಇದರ ತಲೆಬುಡ ತಿಳಿಯುತ್ತಿಲ್ಲ. ಗೇಮ್‌ನ ಗುಣದೋಷಗಳಿಗೆ ಅಳತೆಗೋಲು ಏನಾದರೂ ಇದೆಯೇ, ಇಲ್ಲ ಎಲ್ಲವೂ ಅವರವರ ರುಚಿಯೇ? ಈ ಎರಡು ಗೇಮ್‌ಗಳನ್ನು ಕೊಡಿಸಬಹುದೇ?
— ಓದುಗರು, ಡೊಂಬಿವಲಿ

ಉತ್ತರ: ಮಾನ್ಯರೇ, ನೀವು ನಾಟಕದ ಅಭ್ಯಾಸದಿಂದ ಗೇಮ್ ವಿಮರ್ಶೆ ಓದುತ್ತಿರುವುದೇ ನಿಮ್ಮ ಗೊಂದಲದ ಮೂಲ ಎಂದು ನನಗೆ ಅನಿಸುತ್ತದೆ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನ ಸಭಾಂಗಣದಲ್ಲಿ ಒಂದು ಪ್ರಯೋಗವಾದರೆ, ವಿಮರ್ಶಕರು ಮುಂದಿನ ಸಾಲಿನಲ್ಲಿ ಕೂತಿದ್ದರೂ ನೀವು ಹಿಂದಿನ ಸಾಲಿನಲ್ಲಿ ಕೂತಿದ್ದರೂ ನೋಡಿದ್ದು ಅದೇ ನಾಟಕ. ಅಭಿಪ್ರಾಯ ಬೇರೆಯಾದರೆ ಅದನ್ನು ರುಚಿಯ ಲೆಕ್ಕಕ್ಕೆ ಹಾಕಬಹುದು. ಗೇಮ್‌ನಲ್ಲಿ ಆ ಅನುಕೂಲವಿಲ್ಲ. ವಿಮರ್ಶಕರು ದುಬಾರಿ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರಿನಲ್ಲಿ ಆಡಿದ್ದೂ, ನಿಮ್ಮ ಮಗ ಮೂರು ವರ್ಷ ಹಳೆಯ ಲ್ಯಾಪ್‌ಟಾಪಿನಲ್ಲಿ ಆಡುವುದೂ ಹೆಸರಿಗಷ್ಟೇ ಒಂದು. ಬಿಡುಗಡೆಯ ವಾರದಲ್ಲಿ ಸಿಕ್ಕಿದ ಗೇಮ್ ಬೇರೆ, ಆರು ತಿಂಗಳ ಅಪ್‌ಡೇಟ್‌ಗಳನ್ನು ಹಾಕಿಕೊಂಡ ಗೇಮ್ ಬೇರೆ. ಆದ್ದರಿಂದ ಇಬ್ಬರಲ್ಲಿ ಯಾರು ಸರಿ ಎಂದು ಕೇಳುವ ಮೊದಲು, ಇಬ್ಬರೂ ಒಂದೇ ವಸ್ತುವಿನ ಬಗ್ಗೆ ಮಾತನಾಡುತ್ತಿದ್ದಾರೆಯೇ ಎಂದು ನೋಡಬೇಕು.

ಪುಣೆಯಲ್ಲಿ ಗೇಮ್ ಟೆಸ್ಟಿಂಗ್ ಕೆಲಸದಿಂದ ವಿಮರ್ಶೆಗೆ ಬಂದವನು ನಾನು. ಆ ಕೆಲಸದಲ್ಲಿ 'ಗೇಮ್ ಸರಿಯಿಲ್ಲ' ಎಂದು ಬಗ್ ರಿಪೋರ್ಟ್ ಬರೆದರೆ ತಂಡದ ಮುಖ್ಯಸ್ಥರಾದ ಲೀಡ್ ಅದನ್ನು ಓದದೆಯೇ ವಾಪಸು ಕಳುಹಿಸುತ್ತಾರೆ. ಯಾವ ಯಂತ್ರ, ಯಾವ ಬಿಲ್ಡ್ (ಗೇಮ್‌ನ ಯಾವ ಆವೃತ್ತಿ), ಯಾವ ಜಾಗ, ಏನು ಮಾಡುವಾಗ ಆಯಿತು, ಹತ್ತು ಸಲ ಮಾಡಿದರೆ ಎಷ್ಟು ಸಲ ಆಗುತ್ತದೆ ಎಂಬಷ್ಟು ವಿವರ ಇದ್ದರೆ ಮಾತ್ರ ಅದು ದೂರು ಎನಿಸಿಕೊಳ್ಳುತ್ತದೆ. ನಿಮಗೆ ಬೇಕಾದ ಅಳತೆಗೋಲು ಇದೇ. ವಿಮರ್ಶಕರು ಕೊಟ್ಟ ಅಂಕವನ್ನು ಕೈಯಲ್ಲಿ ಮುಚ್ಚಿಕೊಂಡು, ಅವರು ಹೇಳಿದ ಒಂದೊಂದು ದೋಷಕ್ಕೂ ಈ ವಿವರಗಳಿವೆಯೇ ನೋಡಿ. ಇದ್ದರೆ, ಆ ದೋಷ ರಿಪೇರಿಯಾಗುವ ಜಾತಿಯದೇ, ಅಥವಾ ಗೇಮ್‌ನ ಕಟ್ಟಡದಲ್ಲೇ ಸೇರಿಕೊಂಡದ್ದೇ ಎಂದು ವಿಚಾರಿಸಿ. ಉಳಿದದ್ದನ್ನು ರುಚಿಗೆ ಬಿಡಬಹುದು.

'ವೈಲ್ಡ್ಸ್' ಅನ್ನೇ ತೆಗೆದುಕೊಳ್ಳೋಣ. 2025ರ ಫೆಬ್ರವರಿ 28ರಂದು ಬಂದ ಈ ಗೇಮ್‌ನಲ್ಲಿ ದೈತ್ಯ ಪ್ರಾಣಿಗಳನ್ನು ಬೇಟೆಯಾಡಬೇಕು; ಆ ಬೇಟೆಯನ್ನು ವಿಮರ್ಶಕರು ಮೆಚ್ಚಿದರು; ಮೊದಲ ತಿಂಗಳಲ್ಲೇ 1 ಕೋಟಿ ಪ್ರತಿಗಳು ಹೋದವು. ಅದೇ ಹೊತ್ತಿನಲ್ಲಿ, ಕಂಪ್ಯೂಟರ್ ಗೇಮ್‌ಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಕೊಂಡವರ ಅಭಿಪ್ರಾಯ 'ಮಿಶ್ರ' ಎಂಬ ಮಟ್ಟಕ್ಕೆ ಇಳಿಯಿತು, ತಿಂಗಳುಗಳು ಕಳೆದಂತೆ ಇನ್ನೂ ಕೆಳಗೆ ಹೋಯಿತು. ವಿಮರ್ಶಕರು ಬೇಟೆಯ ಬಗ್ಗೆ ಬರೆದರು, ಕೊಂಡವರು ಕಂಪ್ಯೂಟರಿನ ಮೇಲೆ ಅದು ಓಡುವ ರೀತಿಯ ಬಗ್ಗೆ ಬರೆದರು. ಇಬ್ಬರೂ ನಿಜವನ್ನೇ ಹೇಳಿದ್ದಾರೆ.

ಇಲ್ಲಿ 'ಲ್ಯಾಗ್' ಎಂದು ಹುಡುಗರು ಒಂದೇ ಮಾತಿನಲ್ಲಿ ಮುಗಿಸುವ ವಿಷಯವನ್ನು ಸ್ವಲ್ಪ ಬಿಡಿಸಬೇಕು. ಸೆಕೆಂಡಿಗೆ 60 ಚಿತ್ರಗಳು ಬರಬೇಕಾದರೆ ಒಂದೊಂದು ಚಿತ್ರವನ್ನು ಬರೆಯಲು ಕಂಪ್ಯೂಟರಿಗೆ ಸಿಗುವುದು ಸುಮಾರು 16.7 ಮಿಲಿಸೆಕೆಂಡು; 30 ಚಿತ್ರಗಳಾದರೆ 33.3. ಸರಾಸರಿ 60 ಇದ್ದರೂ, ನಡುವೆ ಒಂದು ಚಿತ್ರ 100 ಮಿಲಿಸೆಕೆಂಡು ತೆಗೆದುಕೊಂಡರೆ ಕಣ್ಣಿಗೆ ಅದು ಎಡವಿದಂತೆ ಕಾಣುತ್ತದೆ, ಕೈಗೆ ಅದು ತಡವಾಗಿ ಬಿದ್ದ ಏಟಾಗುತ್ತದೆ. ಹೀಗಾಗಿ 'ನನಗೆ 60 ಬರುತ್ತದೆ' ಎಂಬ ಸರಾಸರಿಯ ಮಾತು ಅರ್ಧ ಮಾಹಿತಿ ಮಾತ್ರ. 'ವೈಲ್ಡ್ಸ್' ವಿಷಯದಲ್ಲಂತೂ ಕ್ಯಾಪ್‌ಕಾಮ್ ಕಂಪನಿಯ ಶಿಫಾರಸು ಪಟ್ಟಿಯಲ್ಲೇ, 60 ಎಂಬ ಸಂಖ್ಯೆಯನ್ನು 'ಫ್ರೇಮ್ ಜನರೇಷನ್' ಚಾಲೂ ಇಟ್ಟುಕೊಂಡು ಲೆಕ್ಕ ಹಾಕಲಾಗಿತ್ತು. ಅಂದರೆ ನಿಜವಾಗಿ ಬರೆದ ಎರಡು ಚಿತ್ರಗಳ ನಡುವೆ ಗ್ರಾಫಿಕ್ಸ್ ಕಾರ್ಡ್ ಒಂದನ್ನು ಊಹಿಸಿ ಸೇರಿಸುತ್ತದೆ. ನೋಡಲು ನಯವಾಗುತ್ತದೆ, ಗುಂಡಿ ಒತ್ತಿದ್ದಕ್ಕೂ ಕತ್ತಿ ಬೀಸಿದ್ದಕ್ಕೂ ನಡುವಿನ ಅಂತರ ಮಾತ್ರ ಕಡಿಮೆಯಾಗುವುದಿಲ್ಲ. ಕೊಂಡವರಿಗೆ ಸಿಟ್ಟು ಬಂದದ್ದರಲ್ಲಿ ನನಗೆ ಆಶ್ಚರ್ಯವಿಲ್ಲ.

ಇದು ರಿಪೇರಿಯಾಗುವ ಜಾತಿಯ ದೋಷ, ನಿಧಾನವಾಗಿಯಾದರೂ. ಇದರ ದೊಡ್ಡ ಉದಾಹರಣೆ 'ಸೈಬರ್‌ಪಂಕ್ 2077'. 2020ರ ಡಿಸೆಂಬರ್ 10ರಂದು ಬಿಡುಗಡೆಯಾಗುವ ಮೊದಲು ವಿಮರ್ಶಕರ ಕೈಗೆ ಕೊಟ್ಟದ್ದು ಕಂಪ್ಯೂಟರ್ ಆವೃತ್ತಿ ಮಾತ್ರ. ಅದರ ಮೇಲೆ ಬಂದ ಹೊಗಳಿಕೆಯನ್ನು ಓದಿ ಸೋನಿಯ ಹಳೆಯ ಗೇಮ್ ಯಂತ್ರ ಪ್ಲೇಸ್ಟೇಷನ್ 4ರಲ್ಲಿ ಹಾಕಿಕೊಂಡವರಿಗೆ ಬೇರೆಯದೇ ಗೇಮ್ ಸಿಕ್ಕಿತು. ಸುಮಾರು ಒಂದು ವಾರದಲ್ಲಿ ಸೋನಿ ಅದನ್ನು ತನ್ನ ಡಿಜಿಟಲ್ ಅಂಗಡಿಯಿಂದಲೇ ತೆಗೆದುಹಾಕಿತು. ಮರಳಿ ಬಂದದ್ದು 2021ರ ಜೂನ್‌ನಲ್ಲಿ. 2023ರ ಸೆಪ್ಟೆಂಬರ್‌ನ 2.0 ಅಪ್‌ಡೇಟ್ ಬಂದ ಮೇಲೆ, ಮೊದಲು ಬೈದವರಲ್ಲಿ ಅನೇಕರು ಅದನ್ನು ಮೆಚ್ಚಿ ಬರೆದರು. ಆದರೆ 2020ರ ವಿಮರ್ಶೆಗಳು ಹಳೆಯ ಅಂಕದೊಂದಿಗೇ ಇವತ್ತಿಗೂ ಸಿಗುತ್ತವೆ. ತಾರೀಖು ನೋಡದೆ ಗೇಮ್ ವಿಮರ್ಶೆ ಓದಬಾರದು ಎನ್ನುವುದು ಇದಕ್ಕೇ.

ಕಟ್ಟಡದಲ್ಲೇ ಸೇರಿಕೊಂಡ ದೋಷಕ್ಕೆ 'ಸ್ಟಾರ್‌ಫೀಲ್ಡ್' ಒಳ್ಳೆಯ ಉದಾಹರಣೆ. 2023ರ ಸೆಪ್ಟೆಂಬರ್‌ನಲ್ಲಿ ಬಂದ ಅದರಲ್ಲಿ ಸಾವಿರಕ್ಕೂ ಹೆಚ್ಚು ಗ್ರಹಗಳಿವೆ ಎಂದು ಅದನ್ನು ಮಾಡಿದ ಬೆಥೆಸ್ಡಾ ಕಂಪನಿ ಪ್ರಚಾರ ಮಾಡಿತ್ತು. ಗ್ರಹದಿಂದ ಗ್ರಹಕ್ಕೆ ಹೋಗುವುದು ಬಹುಮಟ್ಟಿಗೆ ಮೆನುವಿನ ಮೂಲಕ, ನಡುವೆ ಲೋಡಿಂಗ್ ಪರದೆ; ಇಳಿದ ಮೇಲೆ ಖಾಲಿ ನೆಲದಲ್ಲಿ ದೂರದ ನಡಿಗೆ. 2024ರ ಮೇ ತಿಂಗಳಲ್ಲಿ ವಿವರವಾದ ನಕ್ಷೆಗಳು ಬಂದವು, ಆಗಸ್ಟ್‌ನಲ್ಲಿ ನೆಲದ ಮೇಲೆ ಓಡಿಸಲು ಗಾಡಿಯೂ ಬಂತು. ನಡೆಯುವ ಬೇಸರ ಕಡಿಮೆಯಾಯಿತು, ಆದರೆ ಒಂದು ಜಾಗಕ್ಕೂ ಇನ್ನೊಂದಕ್ಕೂ ನಡುವೆ ನೋಡಲು ಏನೂ ಇಲ್ಲದಿರುವುದಕ್ಕೆ ಗಾಡಿ ಏನು ಮಾಡೀತು? ಇಂಥ ದೋಷವನ್ನು ಮೊದಲ ವಾರದಲ್ಲೇ ಸರಿಯಾಗಿ ಗುರುತಿಸಿ ಬರೆದ ವಿಮರ್ಶಕರ ಹೆಸರನ್ನು ಬರೆದಿಟ್ಟುಕೊಳ್ಳಿ. ಮುಂದಿನ ಗೇಮ್‌ಗೂ ಅವರ ಮಾತು ಉಪಯೋಗಕ್ಕೆ ಬರುತ್ತದೆ.

ಈಗ 'ಸಿಲ್ಕ್‌ಸಾಂಗ್'. 2025ರ ಸೆಪ್ಟೆಂಬರ್ 4ರಂದು ಬಂದ, ಆಸ್ಟ್ರೇಲಿಯಾದ ಅಡಿಲೇಡ್‌ನ ಪುಟ್ಟ ತಂಡ ಟೀಮ್ ಚೆರ್ರಿ ಮಾಡಿದ ಗೇಮ್ ಇದು. ಕಷ್ಟವೇ ಅದರ ಗುಣ ಎನ್ನುವವರೂ ಕಷ್ಟವೇ ದೋಷ ಎನ್ನುವವರೂ ಜಗಳವಾಡುವುದನ್ನು ನೀವು ಓದಿದ್ದೀರಿ. ಆ ಜಗಳದಲ್ಲಿ ಹೆಚ್ಚಿನ ಮಾತು ವ್ಯರ್ಥ. 'ನಿನಗೆ ಆಡಲು ಬರುವುದಿಲ್ಲ' ಎನ್ನುವುದು ವಿಮರ್ಶೆಯಲ್ಲ. ಆದರೆ ಒಂದು ಆಕ್ಷೇಪಣೆ ಲೆಕ್ಕದ ಮೇಲೆ ನಿಂತಿದೆ, ಅದನ್ನು ನೋಡಿ. ನಾಯಕಿ ಹಾರ್ನೆಟ್‌ಗೆ ಆರಂಭದಲ್ಲಿ ಐದು ಮುಖವಾಡಗಳಷ್ಟು ಜೀವ. ಆಟದ ಮೊದಲ ಭಾಗದಲ್ಲೇ ಒಂದೇಟಿಗೆ ಎರಡು ಮುಖವಾಡ ಕಿತ್ತುಕೊಳ್ಳುವ ಬಾಸ್‌ಗಳು, ಅಂದರೆ ಘಟ್ಟದ ಕೊನೆಯ ಬಲಶಾಲಿ ಶತ್ರುಗಳು, ಎದುರಾಗುತ್ತಾರೆ. ಎರಡು ಏಟಿಗೆ ನಾಲ್ಕು ಹೋಗಿ ಒಂದು ಉಳಿಯುತ್ತದೆ. ಮೂರನೆಯ ಏಟಿಗೆ ಸಾವು. ಆಟಗಾರ ಅಲ್ಲಲ್ಲಿ ಅಡಗಿಸಿಟ್ಟ ನಾಲ್ಕು ಚೂರುಗಳನ್ನು ಕಷ್ಟಪಟ್ಟು ಹುಡುಕಿ ಆರನೆಯ ಮುಖವಾಡ ಗಳಿಸುತ್ತಾನೆ. ಈಗಲೂ ಅಂಥ ಶತ್ರುವಿನ ಮುಂದೆ ಮೂರನೆಯ ಏಟಿಗೇ ಸಾವು! ಮೊದಲ ಬಹುಮಾನ ಕೈಗೆ ಬಂದಿದೆ, ಅದರ ಫಲ ಮಾತ್ರ ಬಾಸ್ ಕಾಳಗದಲ್ಲಿ ಕಾಣುವುದಿಲ್ಲ. ಈ ಆಕ್ಷೇಪಣೆಯಲ್ಲಿ ರುಚಿಯ ಪ್ರಶ್ನೆ ಇಲ್ಲ, ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು. ಆದ್ದರಿಂದ ನಾನು ಇದನ್ನು ಗೌರವಿಸುತ್ತೇನೆ.

ಇದಕ್ಕೆ ಉತ್ತರವೂ ಅಷ್ಟೇ ನಿಖರವಾಗಿ ಇದೆ. ಹಾರ್ನೆಟ್ ರೇಷ್ಮೆಯನ್ನು ಕೂಡಿಟ್ಟುಕೊಂಡು ಗಾಯ ಕಟ್ಟಿಕೊಂಡರೆ ಒಂದೇ ಸಲಕ್ಕೆ ಮೂರು ಮುಖವಾಡ ಮರಳಿ ಬರುತ್ತವೆ, ಅದನ್ನು ಗಾಳಿಯಲ್ಲಿರುವಾಗಲೂ ಮಾಡಬಹುದು. ಎರಡು ಕಳೆಯುವ ಏಟಿಗೆ ಮೂರು ತುಂಬುವ ಮದ್ದು ಎಂಬುದು ತಂಡದ ಲೆಕ್ಕಾಚಾರ. ಮುಖ್ಯವಾಗಿ ಶತ್ರುವನ್ನು ಹೊಡೆದಾಗಲೇ ರೇಷ್ಮೆ ಸಿಗುವುದರಿಂದ, ಅಂಜಿ ದೂರ ನಿಂತವನಿಗೆ ಗೇಮ್ ಕ್ರೂರ, ಮುನ್ನುಗ್ಗುವವನಿಗೆ ಉದಾರ. ನನ್ನ ಅಭಿಪ್ರಾಯ ಕೇಳಿದರೆ, ಕಾಳಗದ ಕಷ್ಟವನ್ನು ನಾನು ಗುಣದ ಪಟ್ಟಿಗೇ ಸೇರಿಸುತ್ತೇನೆ. ಸತ್ತ ಮೇಲೆ ಬಾಸ್ ಇರುವಲ್ಲಿಗೆ ಮತ್ತೆ ಮತ್ತೆ ಅದೇ ದಾರಿಯಲ್ಲಿ ಓಡಬೇಕಾಗುವುದನ್ನೂ, ಕೆಲವು ಕಡೆ ವಿಶ್ರಾಂತಿಯ ಬೆಂಚಿಗೂ ಮಣಿಗಳನ್ನು (ಅದೇ ಆ ಗೇಮ್‌ನ ನಾಣ್ಯ) ತೆರಬೇಕಾಗುವುದನ್ನೂ ಗುಣ ಎನ್ನಲಾರೆ. ಅಲ್ಲಿ ಆಟಗಾರ ಹೊಸದೇನನ್ನೂ ಕಲಿಯುವುದಿಲ್ಲ, ಹೊತ್ತು ಮಾತ್ರ ಹೋಗುತ್ತದೆ. ತಂಡವೂ ಬಿಡುಗಡೆಯ ನಂತರದ ಮೊದಲ ತಿದ್ದುಪಡಿಯಲ್ಲಿ (ಪ್ಯಾಚ್) ಆರಂಭದ ಇಬ್ಬರು ಬಾಸ್‌ಗಳ ಉಪಟಳವನ್ನು ಸ್ವಲ್ಪ ತಗ್ಗಿಸಿತು.

ಇದೇ ಗೇಮ್‌ಗೆ ಬೇರೊಂದು ದಿಕ್ಕಿನಿಂದಲೂ ಬೈಗುಳ ಬಂತು. ಬಿಡುಗಡೆಯ ವಾರದಲ್ಲಿ ಉಳಿದ ಭಾಷೆಗಳ ಆಟಗಾರರು ಹೊಗಳುತ್ತಿದ್ದಾಗ, ಚೀನೀ ಭಾಷೆಯ ಆಟಗಾರರ ಅಭಿಪ್ರಾಯ ಬಹುಪಾಲು ಪ್ರತಿಕೂಲವಾಗಿತ್ತು. ಅನುವಾದ ಕೃತಕವಾದ ಹಳೆಗಾಲದ ಶೈಲಿಯಲ್ಲಿದೆ, ಮೂಲದ ಧಾಟಿ ಹೋಗಿಬಿಟ್ಟಿದೆ ಎಂಬುದು ಅವರ ಮುಖ್ಯ ದೂರು. ಎಲ್ಲರನ್ನೂ ಕೂಡಿಸಿ ಒಂದು ಶೇಕಡಾವಾರು ತೋರಿಸಿದರೆ ಇಂಥ ಸಂಗತಿ ಮುಚ್ಚಿಹೋಗುತ್ತದೆ. ಸ್ಟೀಮ್ ಈಗ ಭಾಷೆವಾರು ಬೇರೆ ಬೇರೆ ತೋರಿಸುವ ವ್ಯವಸ್ಥೆ ಮಾಡಿದೆ.

ಅಂದಹಾಗೆ, ಸ್ಟೀಮ್‌ನ ಶೇಕಡಾವಾರನ್ನು ಪರೀಕ್ಷೆಯ ಅಂಕದಂತೆ ಓದುವ ತಪ್ಪನ್ನು ತುಂಬ ಜನ ಮಾಡುತ್ತಾರೆ. ಅಲ್ಲಿ 95 ಎಂದಿದ್ದರೆ ಆ ಗೇಮ್‌ಗೆ ನೂರಕ್ಕೆ 95 ಅಂಕ ಬಂತು ಎಂದು ಅರ್ಥವಲ್ಲ. ಬರೆದವರಲ್ಲಿ ನೂರಕ್ಕೆ 95 ಮಂದಿ 'ಕೊಳ್ಳಬಹುದು' ಎಂದರು ಎಂದಷ್ಟೇ ಅರ್ಥ. ಎಲ್ಲರಿಗೂ ಸಾಧಾರಣವಾಗಿ ಹಿಡಿಸಿದ ಗೇಮ್‌ಗೆ 95 ಬರಬಹುದು, ಕೆಲವರನ್ನು ಹುಚ್ಚು ಹಿಡಿಸಿ ಕೆಲವರನ್ನು ಓಡಿಸಿದ ಅಪರೂಪದ ಗೇಮ್‌ಗೆ 70 ಬರಬಹುದು. ಇನ್ನು ಪ್ರತಿಭಟನೆಯ ವಿಮರ್ಶೆಗಳಿವೆ. 2024ರ ಮೇ ತಿಂಗಳಲ್ಲಿ, ಕಂಪ್ಯೂಟರಿನಲ್ಲಿ ಆಡುವವರೂ ಪ್ಲೇಸ್ಟೇಷನ್ ಖಾತೆ ಜೋಡಿಸಲೇಬೇಕು ಎಂದು ಸೋನಿ ಹೇಳಿದಾಗ, ಅದೇ ಪ್ರಕಟಿಸಿದ 'ಹೆಲ್‌ಡೈವರ್ಸ್ 2' ಮೇಲೆ ಪ್ರತಿಕೂಲ ಅಭಿಪ್ರಾಯಗಳ ಮಳೆಯೇ ಸುರಿಯಿತು, ಕೆಲವೇ ದಿನಗಳಲ್ಲಿ ಸೋನಿ ಹಿಂದೆ ಸರಿಯಿತು. ಆ ವಾರದಲ್ಲಿ ಗೇಮ್ ಕೆಟ್ಟದ್ದೇನೂ ಆಗಿರಲಿಲ್ಲ. ವಿಮರ್ಶಕರ ಸರಾಸರಿ ಅಂಕದ ಕಥೆಯೂ ಇಷ್ಟೇ: 2010ರ 'ಫಾಲ್‌ಔಟ್: ನ್ಯೂ ವೇಗಸ್' ಮಾಡಿದ ಸ್ಟುಡಿಯೋಗೆ ಬೋನಸ್ ಸಿಗಲು, ವಿಮರ್ಶಕರ ಅಂಕಗಳನ್ನು ಕೂಡಿಸಿ ಸರಾಸರಿ ತೋರಿಸುವ ಮೆಟಾಕ್ರಿಟಿಕ್ ಜಾಲತಾಣದಲ್ಲಿ 85 ಬರಬೇಕಿತ್ತು, ಬಂದದ್ದು 84 ಎಂದು ಅದರಲ್ಲಿ ಕೆಲಸ ಮಾಡಿದ ಕ್ರಿಸ್ ಅವೆಲೋನ್ 2012ರಲ್ಲಿ ಬಹಿರಂಗವಾಗಿ ಹೇಳಿದರು. ಆ ಒಂದು ಅಂಕದಲ್ಲಿ ಗೇಮ್‌ನ ಯಾವ ಗುಣ ಅಡಗಿತ್ತು ಎಂದು ಯಾರೂ ಹೇಳಲಾರರು.

ಒಂದೇ ಗೇಮ್‌ನಲ್ಲಿ ಗುಣವೂ ದೋಷವೂ ಒಂದೇ ಬೇರಿನಿಂದ ಹುಟ್ಟುವುದನ್ನು ನೋಡಬೇಕಾದರೆ 2025ರ ಏಪ್ರಿಲ್‌ನಲ್ಲಿ ಬಂದ 'ಕ್ಲೇರ್ ಆಬ್ಸ್ಕ್ಯೂರ್: ಎಕ್ಸ್‌ಪೆಡಿಷನ್ 33' ಬಗ್ಗೆ ಓದಿ. ಫ್ರಾನ್ಸಿನ ಮಾಂಪೆಲಿಯೆ ನಗರದ ಸ್ಯಾಂಡ್‌ಫಾಲ್ ಸ್ಟುಡಿಯೋ ಮಾಡಿದ ಈ ಗೇಮ್‌ನಲ್ಲಿ ಕಾಳಗ ಸರದಿಯ ಪ್ರಕಾರ ನಡೆಯುತ್ತದೆ, ಆದರೆ ಶತ್ರುವಿನ ಸರದಿಯಲ್ಲಿ ನೀವು ಸುಮ್ಮನೆ ಕೂರುವ ಹಾಗಿಲ್ಲ. ಏಟು ಬೀಳುವ ಕ್ಷಣಕ್ಕೆ ಸರಿಯಾಗಿ ಗುಂಡಿ ಒತ್ತಿದರೆ ಅದನ್ನು ತಡೆಯಬಹುದು. ಈ ಒಂದು ಉಪಾಯದಿಂದ ಸರದಿಯ ಕಾಳಗಕ್ಕೆ ಜೀವ ಬಂತು ಎಂಬ ಹೊಗಳಿಕೆ ನ್ಯಾಯವಾದದ್ದು. ತಡೆಯುವುದರಲ್ಲಿ ಕೈ ಪಳಗಿದವನಿಗೆ ಏಟೇ ಬೀಳದ ಕಾರಣ, ರಕ್ಷಣೆಗಾಗಿ ಲೆಕ್ಕ ಹಾಕಿ ಕೂಡಿಸುವ ಸಾಮಗ್ರಿಗಳೆಲ್ಲ ಅರ್ಥ ಕಳೆದುಕೊಳ್ಳುತ್ತವೆ ಎಂಬ ಆಕ್ಷೇಪಣೆಯೂ ಅಷ್ಟೇ ನ್ಯಾಯವಾದದ್ದು. ಗುಹೆ, ಕೋಟೆಗಳ ಒಳಗೆ ನಕ್ಷೆ ಇಲ್ಲದಿರುವುದು, ಜಿಗಿದಾಡುವ ಭಾಗಗಳು ಒರಟಾಗಿರುವುದು ಸಣ್ಣ ದೋಷಗಳು.

ನಮ್ಮ ಊರುಗಳನ್ನೂ ನಮ್ಮ ಕಥೆಗಳನ್ನೂ ಬಳಸಿದ ಗೇಮ್‌ಗಳ ವಿಷಯದಲ್ಲಿ ಓದುಗ ಇನ್ನಷ್ಟು ಎಚ್ಚರವಾಗಿರಬೇಕಾಗುತ್ತದೆ, ಏಕೆಂದರೆ ಅಲ್ಲಿ ಅಭಿಮಾನವೂ ಅಸಮಾಧಾನವೂ ಕಣ್ಣಿಗೆ ಅಡ್ಡ ಬರುತ್ತವೆ. 2017ರ 'ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ' ಪಶ್ಚಿಮ ಘಟ್ಟಗಳಲ್ಲಿ, ಹೊಯ್ಸಳರ ಹೆಸರಿನಲ್ಲಿ, ಹಳೇಬೀಡು ಬೇಲೂರುಗಳನ್ನು ಹೇಳಿಕೊಂಡು ನಡೆಯುವ ಸಾಹಸದ ಕಥೆ. ಜೀಪಿನಲ್ಲಿ ಸುತ್ತಾಡಿ ನಮಗೆ ಬೇಕಾದ ಕ್ರಮದಲ್ಲಿ ಮುಂದುವರಿಯಲು ಬಿಡುವ ಅದರ ವಿಶಾಲ ಬಯಲು, ಆ ಸರಣಿಯಲ್ಲೇ ನನಗೆ ತುಂಬ ಹಿಡಿಸಿದ ಭಾಗ. ಆದರೆ ಅಲ್ಲಿನ ಕಟ್ಟಡಗಳನ್ನು ಹೊಯ್ಸಳ ಶೈಲಿ ಎಂದು ಯಾರಾದರೂ ಬರೆದರೆ ಹಾಸನದ ಕಡೆಯವರು ನಕ್ಕಾರು. ಹೊಯ್ಸಳ ಶಿಲ್ಪದ ಹೆಚ್ಚುಗಾರಿಕೆ ಇರುವುದು ಎತ್ತರದಲ್ಲಲ್ಲ. ಮೃದುವಾದ ಬಳಪದ ಕಲ್ಲಿನಲ್ಲಿ ಆಭರಣದ ಎಳೆ ಎಣಿಸುವಷ್ಟು ಸೂಕ್ಷ್ಮವಾಗಿ ಕೆತ್ತುವುದರಲ್ಲಿ, ನಕ್ಷತ್ರಾಕಾರದ ಜಗತಿಯಲ್ಲಿ, ಕಡೆದು ನುಣುಪಾಗಿಸಿದ ಕಂಬಗಳಲ್ಲಿ. ಗೇಮ್‌ನಲ್ಲಿ ಇರುವುದು ಜಲಪಾತಗಳ ನಡುವೆ ನಿಂತ ಮುಗಿಲೆತ್ತರದ ದೇವಮೂರ್ತಿಗಳು. ಹಾಗೆಂದು ಇದನ್ನು ಗೇಮ್‌ನ ದೊಡ್ಡ ದೋಷ ಎಂದು ನಾನು ಬರೆಯಲಿಲ್ಲ: ಏರಿ, ಜಿಗಿದು, ನೇತಾಡಬೇಕಾದ ಆಟಕ್ಕೆ ಎತ್ತರ ಬೇಕು, ಸೊಂಟದೆತ್ತರದ ಪಟ್ಟಿಕೆಯ ಕೆತ್ತನೆ ಸಾಲದು. ಇತಿಹಾಸ ಕಲಿಯಲು ಅದನ್ನು ಆಡಬೇಡಿ ಎಂದಷ್ಟೇ ಹೇಳುತ್ತೇನೆ.

2018ರ 'ಹಿಟ್‌ಮ್ಯಾನ್ 2'ರ ಮುಂಬೈ ಭಾಗಕ್ಕೂ ಇದೇ ಮಾತು. ಧೋಬಿಗಳ ಗಲ್ಲಿ, ಅರ್ಧ ಕಟ್ಟಿ ನಿಲ್ಲಿಸಿದ ಗೋಪುರ, ಸಿನಿಮಾ ನಿರ್ಮಾಪಕ, ರೈಲಿನ ಯಾರ್ಡು ಎಲ್ಲವೂ ಐದು ನಿಮಿಷದ ನಡಿಗೆಯೊಳಗೆ ಸಿಗುವ ಮುಂಬೈ ಎಲ್ಲೂ ಇಲ್ಲ, ಜನ ತಮ್ಮತಮ್ಮಲ್ಲೇ ಇಂಗ್ಲಿಷಿನಲ್ಲಿ ಮಾತನಾಡಿಕೊಳ್ಳುವುದೂ ಕಿವಿಗೆ ಚುಚ್ಚುತ್ತದೆ. ಆದರೆ ಮುಖವೇ ಗೊತ್ತಿಲ್ಲದ ಒಬ್ಬ ಗುರಿಯನ್ನು ಆ ಜನಜಂಗುಳಿಯಲ್ಲಿ ಸುಳಿವುಗಳಿಂದ ಪತ್ತೆಮಾಡಬೇಕೆಂಬ ಕಲ್ಪನೆ ಈ ನಗರಕ್ಕೆ ಹೇಳಿಮಾಡಿಸಿದಂತಿದೆ.

ಪುಣೆಯದೇ ಸ್ಟುಡಿಯೋ ನಾಡಿಂಗ್ ಹೆಡ್ಸ್ ಗೇಮ್ಸ್ 2020ರಲ್ಲಿ ಹೊರತಂದ 'ರಾಜಿ' ಬಗ್ಗೆ ಬರೆಯುವಾಗ ನಮ್ಮ ಕಡೆಯ ಅನೇಕರು ಬೆನ್ನು ತಟ್ಟುವುದಕ್ಕೇ ನಿಂತರು. ತನ್ನ ತಮ್ಮ ಗೋಲು ಎಂಬ ಹುಡುಗನನ್ನು ಹುಡುಕಿಕೊಂಡು ಹೊರಟ ಹುಡುಗಿಯ ಕಥೆ. ಹಿನ್ನೆಲೆಯಲ್ಲಿ ದುರ್ಗೆ ಮತ್ತು ವಿಷ್ಣು ಅವಳ ಬಗ್ಗೆ ತಮ್ಮೊಳಗೆ ಮಾತನಾಡಿಕೊಳ್ಳುತ್ತಾರೆ. ರಾಜಸ್ಥಾನದ ಕೋಟೆಗಳನ್ನು ನೆನಪಿಸುವ, ಕೈಯಲ್ಲಿ ಬಣ್ಣ ಹಚ್ಚಿದಂತಿರುವ ಗೋಡೆಗಳೂ ನೆರಳು ಬೊಂಬೆಯ ದೃಶ್ಯಗಳೂ ನಿಜಕ್ಕೂ ಸೊಗಸು, ಆ ವರ್ಷದ ದ ಗೇಮ್ ಅವಾರ್ಡ್ಸ್‌ನಲ್ಲಿ ಚೊಚ್ಚಲ ಗೇಮ್‌ಗಳ ಪಟ್ಟಿಗೆ ನಾಮನಿರ್ದೇಶನವೂ ಸಿಕ್ಕಿತು. ಆದರೆ ಕ್ಯಾಮೆರಾ ಕೋನ ನಮ್ಮ ಕೈಯಲ್ಲಿಲ್ಲದ ಕಾರಣ ಎರಡು ಗೋಡೆಗಳ ನಡುವಿನ ದೂರ ಕಣ್ಣಿಗೆ ಸರಿಯಾಗಿ ಸಿಗದೆ ಹುಡುಗಿ ಕೆಳಗೆ ಬೀಳುತ್ತಾಳೆ. ಏಟಿಗೆ ಶತ್ರು ತೋರಬೇಕಾದ ಪ್ರತಿಕ್ರಿಯೆ ಬಡಕಲಾಗಿದೆ. ಕೆಲವೇ ಗಂಟೆಗಳ ಕಥೆ ಮುಗಿಯುವ ಹೊತ್ತಿಗೆ ಥಟ್ಟನೆ ಕಡಿದಂತೆ ನಿಲ್ಲುತ್ತದೆ. ನಮ್ಮವರು ಎಂಬ ಕಾರಣಕ್ಕೆ ಇವನ್ನು ಬಿಟ್ಟು ಬರೆದರೆ ಆ ಸ್ಟುಡಿಯೋದ ಮುಂದಿನ ಕೆಲಸಕ್ಕೆ ಉಪಕಾರವಾಗುವುದಿಲ್ಲ, ದುಡ್ಡು ಕೊಟ್ಟವರಿಗಂತೂ ಅನ್ಯಾಯ.

ಕೊನೆಗೆ ನಿಮ್ಮ ನೇರ ಪ್ರಶ್ನೆ. 'ಸಿಲ್ಕ್‌ಸಾಂಗ್' ಕೊಡಿಸಿ, ಬಿಡುಗಡೆಯ ಬೆಲೆಯೇ ಸುಮಾರು 20 ಡಾಲರ್, ದೊಡ್ಡ ಗ್ರಾಫಿಕ್ಸ್ ಕಾರ್ಡನ್ನೂ ಅದು ಬೇಡುವುದಿಲ್ಲ, ಸೋಲನ್ನು ಸಹಿಸುವ ಹುಡುಗನಾದರೆ ಬಹಳ ದಿನ ಆಡುತ್ತಾನೆ. 'ವೈಲ್ಡ್ಸ್'ಗೆ ಮಾತ್ರ ಮೊದಲು ಪರೀಕ್ಷೆ ಮಾಡಿಸಿ. ಕ್ಯಾಪ್‌ಕಾಮ್ ಬಿಡುಗಡೆಗೆ ಮುಂಚೆಯೇ ಸ್ಟೀಮ್‌ನಲ್ಲಿ ಒಂದು ಉಚಿತ ಬೆಂಚ್‌ಮಾರ್ಕ್, ಅಂದರೆ ಯಂತ್ರದ ಶಕ್ತಿಯನ್ನು ಅಳೆಯುವ ತಂತ್ರಾಂಶ, ಕೊಟ್ಟಿತ್ತು. ಅದು ಕೊನೆಯಲ್ಲಿ ತೋರಿಸುವ ಒಟ್ಟು ಅಂಕವನ್ನು ನಂಬಬೇಡಿ; ಯಂತ್ರಕ್ಕೆ ಅಷ್ಟು ಭಾರವಾಗದ ಕಥಾದೃಶ್ಯಗಳು ಸರಾಸರಿಯನ್ನು ಮೇಲಕ್ಕೆ ಎಳೆಯುತ್ತವೆ. ಪ್ರಾಣಿಗಳ ಹಿಂಡಿರುವ ಹುಲ್ಲುಗಾವಲಿನಲ್ಲಿ ಸವಾರಿ ಮಾಡುವಾಗ ಮೂಲೆಯಲ್ಲಿ ಕಾಣುವ ಸಂಖ್ಯೆ ಎಷ್ಟು ಎಂದು ಬರೆದುಕೊಳ್ಳಲು ಹೇಳಿ, ಫ್ರೇಮ್ ಜನರೇಷನ್ ಆಫ್ ಮಾಡಿ. ಕೊಂಡ ಮೇಲೂ ಸ್ಟೀಮ್‌ನಲ್ಲಿ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ದುಡ್ಡು ವಾಪಸು ಕೇಳಬಹುದು; ಆದರೆ ಮೊದಲ ಸಲ ತೆರೆದಾಗ ಗೇಮ್ ತನ್ನ ಶೇಡರ್‌ಗಳನ್ನು (ಬೆಳಕು, ಬಣ್ಣಗಳನ್ನು ಮೂಡಿಸಲು ಗ್ರಾಫಿಕ್ಸ್ ಕಾರ್ಡಿಗೆ ಬೇಕಾದ ಪುಟ್ಟ ಪ್ರೋಗ್ರಾಂಗಳನ್ನು) ಸಿದ್ಧಪಡಿಸಿಕೊಳ್ಳುವ ಹೊತ್ತೂ ಆ 2 ಗಂಟೆಯಲ್ಲೇ ಸೇರುತ್ತದೆ, ಅದನ್ನು ತೆರೆದಿಟ್ಟು ಊಟಕ್ಕೆ ಹೋಗಬಾರದು. ಬೆಂಚ್‌ಮಾರ್ಕ್ ಓಡಿಸುವಾಗ ಲ್ಯಾಪ್‌ಟಾಪ್ ಚಾರ್ಜರಿಗೆ ಸಿಕ್ಕಿಸಿಯೇ ಇರಲಿ. ಬ್ಯಾಟರಿಯಲ್ಲಿ ಗ್ರಾಫಿಕ್ಸ್ ಕಾರ್ಡ್ ಪೂರ್ತಿ ಶಕ್ತಿಯಲ್ಲಿ ಕೆಲಸ ಮಾಡುವುದಿಲ್ಲ.